ಯಾರದ್ದೂ ಅಲ್ಲದ ಹೊಗೆಕೋಣ

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ ನೀಲಾಪುರ, ಕೆಂಡಾಪುರ ಅಂತ ಎರಡು ರಾಜ್ಯಗಳಿದ್ದವು. ನಡುವೆ ಒಂದು ಹೊಳೆ. ಎರಡೂ ಕಡೆ ಕುಲುಮೆ, ಎರಡೂ ಕಡೆ ಹೊಗೆ, ಎರಡೂ ಕಡೆ ಕೆಮ್ಮು. ಇದು ಅತಿಯಾಯಿತೆಂದು ರಾಜರಿಬ್ಬರೂ ಕೂತು ಒಪ್ಪಂದ ಮಾಡಿಕೊಂಡರು: ಅವರವರ ನೆಲದ ಹೊಗೆಗೆ ಅವರವರೇ ಹೊಣೆ. ಸಾಕ್ಷಿಗೆ ಬಂದಿದ್ದ ಹೊಗೆನಾಥನೆಂಬ ಮಾಂತ್ರಿಕ ಕೊನೆಗೊಂದು ಸಾಲು ಸೇರಿಸಿದ: ಹೊಳೆ ದಾಟಿದ ಹೊಗೆ ಯಾರದ್ದೂ ಅಲ್ಲ. ಇಬ್ಬರಿಗೂ ಆ ಸಾಲು ಬೆಲ್ಲದ ಹಾಗೆ ಹಿಡಿಸಿತು.

ನೀಲಾಪುರದ ರಾಜ ತನ್ನ ಕುಲುಮೆಗಳಿಗೆಲ್ಲ ನೀರು ಹೊಯ್ಯಿಸಿ, ತಾಮ್ರದ ಕೊಡಗಳನ್ನು ಹೊಳೆಯಾಚೆಯಿಂದ ತರಿಸತೊಡಗಿದ. ಕೆಂಡಾಪುರದ ರಾಜ ಎರಡರಷ್ಟು ಕುಲುಮೆ ಹೂಡಿ, ಗಾಳಿ ಹೊಳೆಯಾಚೆಗೆ ಬೀಸುವಾಗ ತಿದಿ ಒತ್ತಿಸಿ ಬೆಂಕಿ ಊದಿಸಿದ. ಕೊಡಗಳು ದೋಣಿಯಲ್ಲಿ ಬಂದವು. ಹೊಗೆ ಸುಂಕ ಕೊಡದೆ ಬಂತು.

ಯಜಮಾನನಿಲ್ಲದ ಆ ಹೊಗೆ ನೀಲಾಪುರದ ನೆಲಕ್ಕಿಳಿದು, ಕರುವಿನಷ್ಟು ದೊಡ್ಡ ಕರಿ ಕೋಣವಾಗಿ, ಮೌನೇಶನ ಮನೆ ಬಾಗಿಲಲ್ಲಿ ಮಲಗಿತು. ಈ ಮೌನೇಶ ಕುಲುಮೆ ಆರಿ ಕೆಲಸ ಕಳೆದುಕೊಂಡ ಕಂಚುಗಾರ. ಹೆಸರಿನಲ್ಲಷ್ಟೇ ಮೌನ, ಬಾಯಿಗೆ ಬಿಡುವಿಲ್ಲ. ಒಳಗೆ ಅವನ ತಂಗಿ ಕಾಳಮ್ಮ ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವವಳಂತೆ ಎಳೆಯುತ್ತಿದ್ದಳು.

ಮೌನೇಶ ಮಾಂತ್ರಿಕನ ಹತ್ತಿರ ಹೋದ. "ಅಜ್ಜಾ, ನಿನ್ನ ಕೋಣ ನನ್ನ ತಂಗಿಯ ಉಸಿರು ಮೇಯ್ತಾ ಇದೆ. ಹೊಡ್ಕೊಂಡು ಹೋಗು."

"ನನ್ನದಲ್ಲಪ್ಪ. ಯಾರದ್ದೋ ಅವರು 'ನನ್ನದು' ಅಂದರೆ ಅದು ಕರಗುತ್ತದೆ. ಹುಡುಕು, ಸಿಕ್ಕರೆ ನನಗೂ ತೋರಿಸು," ಎಂದು ಹೊಗೆನಾಥ ನಕ್ಕ.

ಮೌನೇಶ ಕೋಣಕ್ಕೆ ಹಗ್ಗ ಹಾಕಿ ನೀಲಾಪುರದ ಅರಮನೆಗೆ ಎಳೆದ. "ಮಹಾಪ್ರಭು, ತಮ್ಮ ಹೊಸ ಕೊಡಗಳ ಜೊತೆ ಹುಟ್ಟಿದ ಕೋಣ. ತಮ್ಮದಾ?"

"ಎಲೋ, ನನ್ನ ನೆಲದಲ್ಲಿ ಉರಿಯೋ ಒಂದು ಕುಲುಮೆ ತೋರಿಸು ನೋಡೋಣ. ನನ್ನದಲ್ಲ."

ಕೋಣ ಎತ್ತಿನಷ್ಟಾಯಿತು.

ಹೊಳೆ ದಾಟಿಸಿ ಕೆಂಡಾಪುರದ ಅರಮನೆಗೆ ಎಳೆದ. "ಬುದ್ಧೀ, ತಮ್ಮ ಬೆಂಕಿಯ ಕೋಣ. ತಮ್ಮದಾ?"

"ಬೆಂಕಿ ನನ್ನದೇ. ಕೊಡ ಬೇಕು ಅಂದವರು ನಿಮ್ಮವರು. ನಾನು ಕುಲುಮೆ ಆರಿಸಿದರೆ ನನ್ನ ಜನ ಏನು ತಿನ್ನಲಿ, ಬೂದಿಯಾ? ನನ್ನದಲ್ಲ."

ಕೋಣ ಆನೆಯಷ್ಟಾಯಿತು.

ಮೂರನೆಯದಾಗಿ ತನ್ನ ಬೀದಿಗೇ ಎಳೆದುಕೊಂಡು ಬಂದ. ಪಕ್ಕದ ಮನೆ ಸುಂಕಕ್ಕ ಚೊಂಬನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಒಂದೇ ಒಂದು ಚೊಂಬು ಕೊಂಡೆ ಕಣೋ. ಅಷ್ಟಕ್ಕೆ ಇಂಥ ಕೋಣ ಹುಟ್ಟುತ್ತಾ?" ಅಂದಳು.

"ಇಲ್ಲಕ್ಕ, ಬಾಲದ ಒಂದು ಕೂದಲು ಹುಟ್ಟುತ್ತೆ. ಅದನ್ನಾದ್ರೂ ಒಪ್ಪಿಕೋ."

"ಮೊದಲು ರಾಜರು ಒಪ್ಪಲಿ," ಎಂದು ಕದ ಹಾಕಿಕೊಂಡಳು. ಬೀದಿಯ ಕದಗಳೆಲ್ಲ ಒಂದೊಂದಾಗಿ ಮುಚ್ಚಿದವು. ಕೋಣ ಮನೆಗಿಂತ ಎತ್ತರವಾಯಿತು.

ಮೌನೇಶ ಒಳಗೆ ನೋಡಿದ. ತಂಗಿಯ ತಲೆದೆಸೆಯಲ್ಲಿ ಬಿಸಿನೀರಿನ ತಂಬಿಗೆ ಇತ್ತು. ಅದೂ ಆಚೆ ದಡದ್ದೇ. ಹೊರಗೆ ಬಂದು ಕೋಣದ ಮೂತಿಗೆ ಹಣೆಯಿಟ್ಟು ಮೆಲ್ಲಗೆ, "ನನ್ನದು," ಅಂದ.

ಕೋಣದ ಒಂದು ಕಿವಿಯ ತುದಿ ಕರಗಿತು. ಅವನ ಪಾಲು ಅಷ್ಟೇ.

ಒಳಗೆ ಕಾಳಮ್ಮ ಒಂದು ನೀಳ ಉಸಿರೆಳೆದಳು. "ಅಣ್ಣಾ, ಬೇವು ಹೂ ಬಿಟ್ಟಿದೆ ಕಣೋ. ವಾಸನೆ ಬಂತು." ಮುಂದಿನ ಉಸಿರಿಗೆ ಆ ವಾಸನೆ ಬರಲಿಲ್ಲ.

ಕಿವಿ ಕರಗಿದ ಸುದ್ದಿ ಎರಡೂ ಅರಮನೆ ಮುಟ್ಟಿತು. ಇದು ನಮ್ಮ ಒಪ್ಪಂದದ ಫಲ ಎಂದು ರಾಜರಿಬ್ಬರೂ ತಬ್ಬಿಕೊಂಡರು. ಹೊಗೆನಾಥನಿಗೆ ಶಾಲು ಹೊದಿಸಿದರು. ಈ ಸಂಭ್ರಮಕ್ಕೆ ನೀಲಾಪುರದಲ್ಲಿ ತಲೆಗೊಂದು ಹೊಸ ಕೊಡ ಹಂಚಬೇಕೆಂದು ಡಂಗುರವಾಯಿತು. ಆಚೆ ದಡದಲ್ಲಿ ಕುಲುಮೆಗಳೆಲ್ಲ ಒಟ್ಟಿಗೆ ಹೊತ್ತಿದವು. ಆ ವಾರ ಕಾಳಮ್ಮನಿಗೆ ಸೇದಲು ಉಸಿರೇ ಉಳಿಯಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಹೊತ್ತಿಗೆ ಅರಮನೆಯ ಆಳು ಬಾಗಿಲಲ್ಲಿ ಎರಡು ಕೊಡ ಇಟ್ಟುಕೊಂಡು ನಿಂತಿದ್ದ.

"ಒಂದು ನಿನಗೆ, ಒಂದು ತಂಗಿಗೆ."

"ತಂಗಿ ಇಲ್ಲ," ಎಂದು ಮೌನೇಶ ಎರಡನ್ನೂ ಮುಟ್ಟದೆ ಒಳಗೆ ಹೋದ.

ಆಳು ಕೊಡಗಳನ್ನು ಎತ್ತಿ ಹಿಡಿದು ಬೀದಿಗೆ ಕೇಳಿದ: "ಹಾಗಾದರೆ ಇವು ಯಾರವು?"

ಕದಗಳೆಲ್ಲ ತೆರೆದವು. "ನನ್ನದು," ಅಂದಳು ಸುಂಕಕ್ಕ. "ನನ್ನದು, ನನ್ನದು," ಅಂದಿತು ಇಡೀ ಬೀದಿ.

ಹೀಗೆ ಆ ಊರಲ್ಲಿ ಎಲ್ಲರೂ ಸುಖವಾಗಿದ್ದರು, ಕೆಮ್ಮು ಬಿಟ್ಟ ಹೊತ್ತಿನಲ್ಲಿ.