ಗರಿಕೆ ಕಟ್ಟಿದ ರೂಟರ್

ಆಯುಧಪೂಜೆ ಕಳೆದ ಮರುವಾರ, ಬೆಳಗ್ಗೆ ಹತ್ತೂವರೆಗೆ, ವಿದ್ಯಾರಣ್ಯಪುರದ ರಕ್ತಪರೀಕ್ಷಾ ಕೇಂದ್ರವೊಂದರ ಮಾಲೀಕ ನಿರಂಜನ ಠಾಣೆಗೆ ಬಂದು ದೂರು ಕೊಟ್ಟರು. ಆರೋಪಿಯ ಹೆಸರನ್ನೂ ಅವರೇ ಸಿದ್ಧಮಾಡಿಕೊಂಡು ತಂದಿದ್ದರು.

"ನಮ್ಮ ನೆಟ್‌ವರ್ಕ್ ಎಂಜಿನಿಯರ್, ಅಕ್ಷಯಾ ಅಂತ. ಹಬ್ಬಕ್ಕೆ ಮುಂಚೆ ಹೊಸ ಸಿಸ್ಟಮ್ ಹಾಕಿದ್ಲು. ಹಬ್ಬ ಮುಗಿದಾಗಿಂದ ಕಂಪ್ಯೂಟರ್‌ಗಳು ಸರ್ವರ್‌ಗೆ ಸೇರ್ತಾನೇ ಇಲ್ಲ. ನಿನ್ನೆ ಡೆಂಗಿ ಆಗಿದ್ದ ಬಸುರಿ ಹೆಂಗಸಿನ ಪ್ಲೇಟ್‌ಲೆಟ್ ರಿಪೋರ್ಟ್ ಸಂಜೆವರೆಗೂ ಹೋಗ್ಲಿಲ್ಲ ಮೇಡಂ. ಬೇಕಂತ್ಲೇ ಕೆಡಿಸಿದಾಳೆ. ಅರೆಸ್ಟ್ ಮಾಡಿ."

ಇನ್ಸ್‌ಪೆಕ್ಟರ್ ನಾಗಲಕ್ಷ್ಮಿಗೆ ಎರಡು ವಿಷಯ ಕಂಡರೆ ಆಗುತ್ತಿರಲಿಲ್ಲ: ಆರಿಹೋದ ಟೀ, ತನಿಖೆಗಿಂತ ಮೊದಲೇ ಬರುವ ತೀರ್ಪು.

"ಆ ಹೆಂಗಸು ಹೇಗಿದಾರೆ ಈಗ?"

"ಪರವಾಗಿಲ್ಲ ಮೇಡಂ."

"ಸರಿ. ಏನಾಯ್ತು ಅನ್ನೋದನ್ನ ನೀವು ಬರ್ಕೊಡಿ. ಯಾರು ಮಾಡಿದ್ದು ಅನ್ನೋದನ್ನ ನಾವು ನೋಡ್ತೀವಿ."

ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಮುಂದೆ 'ಅಪರಿಚಿತ' ಎಂದು ಬಿದ್ದದ್ದು ನೋಡಿ ನಿರಂಜನರ ಮುಖ ಸಪ್ಪೆಯಾಯಿತು.

ಹೆಡ್ ಕಾನ್‌ಸ್ಟೆಬಲ್ ಅಪ್ಪಾಸಾಹೇಬನನ್ನು ಕರೆದುಕೊಂಡು ನಾಗಲಕ್ಷ್ಮಿ ಲ್ಯಾಬಿಗೆ ಹೋದಾಗ, ಅಕ್ಷಯಾಳನ್ನು ರೋಗಿಗಳ ಬೆಂಚಿನ ಮೇಲೆ ಕೂರಿಸಿದ್ದರು. ಐಡಿ ಕಾರ್ಡ್ ಕಿತ್ತುಕೊಂಡಿದ್ದರು. ಸಹೋದ್ಯೋಗಿಗಳು ಹಾದುಹೋಗುವಾಗ ಅವಳತ್ತ ನೋಡದಂತೆ ನಟಿಸುತ್ತಿದ್ದರು. ಹುಡುಗಿ ಅತ್ತಿರಲಿಲ್ಲ. ತಲೆಯನ್ನೂ ತಗ್ಗಿಸಿರಲಿಲ್ಲ.

"ಹೊಸ ಸಿಸ್ಟಮ್ ಅಂದ್ರೆ ಏನಮ್ಮ?"

"ನೆಟ್‌ವರ್ಕ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದು ಐಪಿ ಅಡ್ರೆಸ್ ಬೇಕು ಮೇಡಂ. ಮುಂಚೆ ಒಂದೊಂದಕ್ಕೂ ಕೈಯಲ್ಲಿ ನಂಬರ್ ಹಾಕ್ತಿದ್ರು. ಈಗ ಆನ್ ಆದ ತಕ್ಷಣ ಕಂಪ್ಯೂಟರೇ ಕೇಳುತ್ತೆ, ಮೇನ್ ರೂಟರ್ ತಾನೇ ಕೊಡುತ್ತೆ."

"ಮತ್ತೆ ಕೆಟ್ಟಿದ್ದು ಯಾಕೆ?"

"ಇನ್ನೊಂದ್ಯಾವ್ದೋ ರೂಟರ್ ಒಳಗೆ ಸೇರ್ಕೊಂಡು ತಪ್ಪು ಅಡ್ರೆಸ್ ಕೊಡ್ತಿದೆ ಅನ್ಸುತ್ತೆ. ಯಾವ್ದು ಮೊದ್ಲು ಉತ್ತರ ಕೊಡುತ್ತೋ ಅದನ್ನೇ ಕಂಪ್ಯೂಟರ್ ನಂಬೋದು. ಹುಡುಕೋಣ ಅಂದ್ರೆ ನನ್ನ ಏನೂ ಮುಟ್ಟೋಕೇ ಬಿಡ್ತಿಲ್ಲ."

"ಅಂದ್ರೆ ಒಂದೇ ಡಾಕ್ಟರಿಗೆ ಇಬ್ರು ಟೋಕನ್ ಹಂಚಿದ ಹಾಗೆ."

"ಹೂಂ ಮೇಡಂ, ಹಾಗೇ."

"ಪ್ರೂವ್ ಮಾಡ್ತೀಯಾ?"

"ಮೇನ್ ರೂಟರ್ ಆಫ್ ಮಾಡ್ಸಿ. ಆಮೇಲೂ ಅಡ್ರೆಸ್ ಸಿಕ್ಕಿದ್ರೆ, ಕೊಟ್ಟಿದ್ಯಾರು ಅಂತ ಸಾರ್‌ನೇ ಕೇಳಿ."

ಪಕ್ಕದ ಬೇಕರಿಯವರನ್ನೂ ಔಷಧಿ ಅಂಗಡಿಯವರನ್ನೂ ಪಂಚ ಸಾಕ್ಷಿಗಳಾಗಿ ಕರೆಸಲಾಯಿತು. ಅವರೆದುರು ಅಪ್ಪಾಸಾಹೇಬ ಮೇನ್ ರೂಟರಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತ. ಕೌಂಟರಿನ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರು. ಅಡ್ರೆಸ್ ಬಂತು! ನಿರಂಜನರ ಬಾಯಿ ತೆರೆದದ್ದು ತೆರೆದೇ ಇತ್ತು. ನಾಗಲಕ್ಷ್ಮಿಗಂತೂ ತನ್ನ ಸ್ವಂತ ತಂಗಿ ರ‍್ಯಾಂಕ್ ಬಂದಷ್ಟು ಹೆಮ್ಮೆಯಾಯಿತು. ಯೂನಿಫಾರಂ ಹಾಕಿದವರು ನಗಬಾರದೆಂದು ಸುಮ್ಮನಿದ್ದರು, ಅಷ್ಟೆ.

ಆಮೇಲೆ ಅಕ್ಷಯಾ ಹೇಳಿದಂತೆ ಒಂದೊಂದೇ ಕೇಬಲ್ ಬಿಡಿಸುತ್ತ ಹೋದರು. ಯಾವುದನ್ನು ಕಿತ್ತಾಗ ಅಡ್ರೆಸ್ ಬರುವುದು ನಿಂತಿತೋ ಆ ಕೇಬಲ್ ಸ್ಟೋರ್ ರೂಮಿನ ಫಾಲ್ಸ್ ಸೀಲಿಂಗ್ ಒಳಗೆ ಹೋಗಿತ್ತು. ಅಪ್ಪಾಸಾಹೇಬ ಸ್ಟೂಲ್ ಹತ್ತಿದ.

"ಪೆಟ್ಟಿಗಿ ಸಿಕ್ತ್ರೀ ಮೇಡಂ. ಆದ್ರ ಇದೇನ್ರೀ, ಇದಕ್ಕೂ ಪೂಜಿ ಮಾಡ್ಯಾರ! ಕಳ್ಳ ಮಾಲಿಗೆ ಕುಂಕುಮ ಹಚ್ಚಿದ್ದು ನನ್ನ ಸರ್ವಿಸ್‌ನ್ಯಾಗ ನೋಡಿಲ್ಲ ಬಿಡ್ರಿ."

ರೂಟರಿನ ನೆತ್ತಿಗೆ ಕುಂಕುಮ. ನಡುವಿಗೆ ಅರಿಶಿನದ ದಾರ, ದಾರಕ್ಕೆ ಸಿಕ್ಕಿಸಿದ ಒಣಗಿದ ಗರಿಕೆ. ನಾಗಲಕ್ಷ್ಮಿ ಸುತ್ತ ನೋಡಿದರು. ಕೌಂಟರಿನ ಕಂಪ್ಯೂಟರಿನಿಂದ ರಕ್ತದ ಮಿಷನ್‌ವರೆಗೆ ಎಲ್ಲದಕ್ಕೂ ಅದೇ ದಾರ, ಅದೇ ಗರಿಕೆ.

"ಇಲ್ಲಿ ಆಯುಧಪೂಜೆ ಮಾಡೋರು ಯಾರು?"

"ನಮ್ ಶ್ರೀರಾಮಪ್ಪ. ಇಲ್ಲೇ ಪಕ್ಕದ ಸಿಂಗಾಪುರ ಹಳ್ಳಿಯವ್ರು. ಲ್ಯಾಬ್ ಶುರುವಾದಾಗಿಂದ ವೈರಿಂಗ್, ಕಂಪ್ಯೂಟರ್ ಎಲ್ಲ ಅವರೇ ನೋಡ್ಕೊಳ್ತಿದ್ರು. ಹೊಸ ಸಿಸ್ಟಮ್ ಬಂದ್ಮೇಲೆ ಬೇಡ ಅಂದ್ವಿ, ಪೂಜೆಗೆ ಮಾತ್ರ ಈ ಸಲಾನೂ ಕರೆದಿದ್ವಿ. ಆದ್ರೂ ಈ ಗಲಾಟೇಲಿ ಅವರೇ ಬಂದು ಕೈಯಲ್ಲಿ ನಂಬರ್ ಹಾಕಿ ಒಂದೆರಡು ಕಂಪ್ಯೂಟರ್ ಸರಿಮಾಡಿಕೊಟ್ರು, ಪುಣ್ಯಾತ್ಮ..." ಕೊನೆಯ ಮಾತು ನಿರಂಜನರ ಬಾಯಲ್ಲೇ ನಿಧಾನವಾಯಿತು.

ಫೋನ್ ಮಾಡಿದಾಗ ಶ್ರೀರಾಮಪ್ಪ ರಿಪೇರಿಗೆಂದೇ ತಿಳಿದು ಸ್ಕ್ರೂಡ್ರೈವರ್ ಚೀಲ ಹಿಡಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ನರೆಗೂದಲು. ಮೇಜಿನ ಮೇಲಿನ ರೂಟರ್ ಕಂಡು ಬಾಗಿಲಲ್ಲೇ ನಿಂತ.

"ಇದಕ್ಕೂ ನೀವೇ ಪೂಜೆ ಮಾಡಿದ್ದಾ?" ನಾಗಲಕ್ಷ್ಮಿ ಕೇಳಿದರು.

ಸುಳ್ಳು ಹೇಳಲು ಅವನಿಗೆ ಬೇಕಾದಷ್ಟು ಸಮಯವಿತ್ತು.

"ಅದೊಂದನ್ನ ಬುಟ್ಟು ಎಂಗೆ ಮಾಡ್ಲಿ ಮೇಡಂ? ಈ ಲ್ಯಾಬಿನ ಮೊದಲ್ನೇ ರೂಟರ್ ಅದು."

"ಮೇಲಿಟ್ಟು ಕನೆಕ್ಷನ್ ಕೊಟ್ಟಿದ್ದೂ ನೀವೇನಾ?"

"ಊಂ. ಪೂಜೆ ದಿವ್ಸಾನೇ."

"ಯಾಕೆ?"

"ಇಷ್ಟು ವರ್ಸ ಒಂದೊಂದಕ್ಕೂ ನಾನೇ ನಂಬರ್ ಕೊಟ್ಟಿದ್ದು. ಅನ್ನೊಂದು ಅಂದ್ರೆ ಕೌಂಟ್ರು, ಅದಿನೇಳು ಅಂದ್ರೆ ರಕ್ತದ ಮಿಷನ್ನು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ತಪ್ಪಿಲ್ದೆ ಒಪ್ಪಿಸ್ತಿದ್ದೆ. ಇನ್ಮೇಲೆ ಅದರಷ್ಟಕ್ಕೆ ಅದೇ ತಗೊಳ್ತದೆ, ನೀವು ಬರೋದು ಬ್ಯಾಡ ಅಂದ್ರು. ಕೆಟ್ರೆ ಕರೀತಾರೆ ಅಂತ ಮಾಡ್ದೆ."

"ಬಸುರಿ ಹೆಂಗಸಿನ ರಿಪೋರ್ಟ್ ನಿಂತೋಗಿತ್ತು. ಗೊತ್ತಿತ್ತಾ?"

"ಇಲ್ಲ ಮೇಡಂ. ದೇವ್ರಾಣೆ ಗೊತ್ತಿರ್ಲಿಲ್ಲ."

"ಈ ಹುಡುಗಿ ಬೆಂಚ್ ಮೇಲೆ ಕೂತಿದ್ದು?"

ಶ್ರೀರಾಮಪ್ಪ ಅಕ್ಷಯಾಳತ್ತ ನೋಡಿದ. "ಗೊತ್ತಿತ್ತು," ಎಂದು ತಲೆ ತಗ್ಗಿಸಿದ.

ನಾಗಲಕ್ಷ್ಮಿ ನಿರಂಜನರ ಕಡೆ ತಿರುಗಿದರು. "ಇವರ ಐಡಿ ಕಾರ್ಡ್ ಕೊಡಿ. ಇಲ್ಲೇ, ಎಲ್ಲರ ಮುಂದೆ."

ನಿರಂಜನ ಕೊಟ್ಟರು, 'ಸಾರಿ' ಎಂದರು. ಅಕ್ಷಯಾ ಕಾರ್ಡನ್ನು ಕೊರಳಿಗೆ ಹಾಕಿಕೊಂಡಳು. 'ಪರವಾಗಿಲ್ಲ ಸಾರ್' ಎಂದು ಮಾತ್ರ ಹೇಳಲಿಲ್ಲ. ಅದೂ ಇನ್ಸ್‌ಪೆಕ್ಟರಿಗೆ ಬಹಳ ಹಿಡಿಸಿತು.

ಸಂಜೆ ನಾಲ್ಕಕ್ಕೆ ಶ್ರೀರಾಮಪ್ಪನ ಬಂಧನವಾಯಿತು. ಸಹಿಗೆ ಮುಂಚೆ ಅಪ್ಪಾಸಾಹೇಬ ಜಪ್ತಿ ಪಂಚನಾಮೆಯನ್ನು ಗಟ್ಟಿಯಾಗಿ ಓದಿದ: "ಹಳೆಯ ರೂಟರ್, ಒಂದು."

"ಅಳೇದು ಅಂತ ಬರೀಬ್ಯಾಡಿ ಸಾರ್," ಎಂದ ಶ್ರೀರಾಮಪ್ಪ. "ಕೆಲ್ಸ ಮಾಡ್ತದೆ."

ಅಪ್ಪಾಸಾಹೇಬ ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ತಲೆಯಾಡಿಸಿದರು. 'ಹಳೆಯ' ಎಂಬುದನ್ನು ಹೊಡೆದು, ಮೇಲೆ 'ಸುಸ್ಥಿತಿಯಲ್ಲಿ ಕೆಲಸ ಮಾಡುತ್ತಿರುವ' ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ.

ಶ್ರೀರಾಮಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು, ಅದರ ಕೆಳಗೆ ತನ್ನ ಹೆಸರನ್ನು ಪೂರ್ತಿ ಬರೆದ.