ಇಂದ್ರಾಣಿ ಗೀಟೆಳೆದ ಟೈಲುಗಳು

ಮೊದಲ ದಿನವೇ ಜಗಳ ಶುರುವಾಯಿತು.

“ಏನ್ರೀ ಮೇಡಮ್, ಇದ್ರಲ್ಲಿ ಏನ್ ತಪ್ಪು ಕಂಡ್ತು ನಿಮ್ಗೆ?” ಎನ್ನುತ್ತ ನಿಂಗರಾಜು ಒಂದು ಕಾರ್ಪೆಟ್ ಟೈಲನ್ನು ಇಂದ್ರಾಣಿಯ ಮೇಜಿನ ಮೇಲೆ ದೊಪ್ಪನೆ ಹಾಕಿದ. ಅದರ ಬೆನ್ನಿನ ಮೇಲೆ ಅವಳು ಸೀಮೆಸುಣ್ಣದಲ್ಲಿ ಎಳೆದ ಅಡ್ಡಗೀಟಿತ್ತು.

ಇಂದ್ರಾಣಿ ತಲೆ ಎತ್ತಲಿಲ್ಲ. ಮೂಲೆಮಟ್ಟ ತೆಗೆದು ಟೈಲಿನ ಮೂಲೆಗೆ ಒತ್ತಿ ತೋರಿಸಿದಳು. ಒಂದು ನೂಲಿನಷ್ಟು ಸಂದು ಕಾಣಿಸಿತು.

“ಇಷ್ಟಕ್ಕಾ?”

“ಇಷ್ಟಕ್ಕೇ. ನೂರು ಟೈಲು ಸಾಲಾಗಿ ಹಾಸಿದ್ರೆ ಈ ಇಷ್ಟೇ ಅಂಗೈ ಅಗಲ ಆಯ್ತದೆ. ಸೈನ್ ಹಾಕಿ.”

ಅವನು ಸೈನ್ ಹಾಕಿದ. ಪೆನ್ನು ಮುಚ್ಚುತ್ತ ಅವಳ ಮುಖವನ್ನು ಪರೀಕ್ಷೆ ಮಾಡುವವನಂತೆ ಬಗ್ಗಿ ನೋಡಿದ. “ನಿಮ್ ಮೂಗಿನ್ ಮೇಲೂ ಗೀಟೈತೆ ಕಣ್ರೀ. ಅದೂ ರಿಜೆಕ್ಟಾ?”

ಇಂದ್ರಾಣಿ ಗಡಿಬಿಡಿಯಲ್ಲಿ ಒರೆಸಿಕೊಂಡಳು. ಸುಣ್ಣ ಮೂಗಿನಿಂದ ಕೆನ್ನೆಗೆ ಹೋಯಿತು. ಅವನು ನಗುತ್ತ ಹೋದ. ಊಟದ ಬೆಲ್ ಹೊಡೆಯುವವರೆಗೂ ಅವಳು ಉರಿಯುತ್ತಲೇ ಇದ್ದಳು. ಊಟದ ಹೊತ್ತಿಗೆ ಕನ್ನಡಿ ನೋಡಿಕೊಂಡು ಒಬ್ಬಳೇ ನಕ್ಕಳು.

ಅದು ತೊಂಬತ್ತೊಂಬತ್ತನೇ ಇಸವಿ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆ ಫ್ಯಾಕ್ಟರಿ ತೆರೆದು ಎರಡು ವರ್ಷವಾಗಿತ್ತಷ್ಟೆ. ದೊಡ್ಡ ದೊಡ್ಡ ಆಫೀಸುಗಳ ನೆಲಕ್ಕೆ ಹಾಸುವ ಚೌಕ ಚೌಕದ ಕಾರ್ಪೆಟ್ಟು ಅಲ್ಲಿ ತಯಾರಾಗುತ್ತಿತ್ತು. ಮೇಲೆ ನೂಲು. ಅದರ ಕೆಳಗೆ, ಹಿಗ್ಗದಂತೆ ಕುಗ್ಗದಂತೆ ಬಿಗಿಯಾಗಿ ಹಿಡಿದಿಡುವ ಗಾಜಿನೆಳೆಯ ಬಲೆಬಟ್ಟೆ. ಅದರಡಿಗೆ ಹಾಸಿಗೆಯಂಥ ಮೆತ್ತನೆಯ ಫೋಮು. ಮೂರೂ ಅಂಟಿಕೊಂಡು, ಒಲೆ ದಾಟಿ, ಹಾಳೆಯಾಗಿ ಬಂದರೆ ನಿಂಗರಾಜು ಪ್ರೆಸ್ಸಿಗೆ ಕೊಟ್ಟು ಚೌಕವಾಗಿ ಕತ್ತರಿಸುತ್ತಿದ್ದ. ಯಾರದೋ ಕಾಲಿಗೆ ಸುಖವಾಗಲಿ ಅಂತ ಇಷ್ಟೆಲ್ಲ. ಮಾಡುವವರು ಮಾತ್ರ ಎಂಟು ಗಂಟೆ ಸಿಮೆಂಟು ನೆಲದ ಮೇಲೆ ನಿಂತಿರುತ್ತಿದ್ದರು.

ಇಂದ್ರಾಣಿ ಹತ್ತಿರದ ಹೆಡತಲೆ ಊರಿನ ಚನ್ನಯ್ಯನ ಮಗಳು. ಪಿಯುಸಿ ಮುಗಿಸಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದ್ದಳು. ಕೂಲಿ ಬಿಟ್ಟು ಸಂಬಳ ಅನ್ನುವುದನ್ನು ಆ ಮನೆಗೆ ತಂದವಳು ಅವಳೇ ಮೊದಲು. ತಂಗಿ ಕವನ ಕಾಲೇಜಿಗೆ ಹೋಗುತ್ತಿದ್ದದ್ದು ಅವಳ ದೆಸೆಯಿಂದ. ನಿಂಗರಾಜುವಿನ ಊರು ತಿ. ನರಸೀಪುರದ ಆಚೆ, ಹೊಳೆ ದಂಡೆಯಲ್ಲಿ. ಅಪ್ಪ ಇರಲಿಲ್ಲ, ಅವ್ವ ಸಾಕಮ್ಮ ಇದ್ದಳು. ಅವನಿನ್ನೂ ಪರ್ಮನೆಂಟ್ ಆಗಿರಲಿಲ್ಲ.

ಕೆಲಸದ ಹೊತ್ತಿನಲ್ಲಿ ಗಂಡಸರು ಹೆಂಗಸರು ಮಾತಾಡಕೂಡದು ಎಂದು ಸೂಪರ್‌ವೈಸರ್ ಗಂಗಾಧರಸ್ವಾಮಿ ಬೋರ್ಡು ಬರೆಸಿ ಹಾಕಿದ್ದ. ಆದರೆ ಅದೇ ಮಹಾನುಭಾವನ ಇನ್ನೊಂದು ರೂಲ್ಸಿತ್ತು. ರಿಜೆಕ್ಟ್ ಆದ ಟೈಲನ್ನು ಕತ್ತರಿಸಿದವನೇ ಬಂದು, ಕಣ್ಣಾರೆ ನೋಡಿ, ರಿಜೆಕ್ಟ್ ಪುಸ್ತಕದಲ್ಲಿ ಸೈನ್ ಹಾಕಿ ಹೋಗಬೇಕು. ತಾನೇ ಮುಚ್ಚಿದ ಬಾಗಿಲನ್ನು ತಾನೇ ತೆರೆದಿಟ್ಟಿದ್ದೇನೆ ಎಂದು ಆ ಪುಣ್ಯಾತ್ಮನಿಗೆ ಹೊಳೆದಿರಲೇ ಇಲ್ಲ.

ದಿನಕ್ಕೆ ಹತ್ತು ಸಲ ನಿಂಗರಾಜು ಬರುತ್ತಿದ್ದ. ಒಂದೊಂದು ಸೈನಿಗೂ ಒಂದೊಂದು ಮಾತು. ಅವ್ವ ಇವತ್ತು ಬಸ್ಸಾರು ಮಾಡಿದ್ದಾಳೆಂದೋ, ಕಪಿಲೆಗೆ ಹೊಸ ನೀರು ಬಂದಿದೆಯೆಂದೋ, ನೀವು ನಿನ್ನೆಯ ಹಸಿರು ಚೂಡಿದಾರದಲ್ಲಿ ಇಷ್ಟೊಂದು ಸಿಡುಕಿಯಾಗಿ ಕಾಣುತ್ತಿರಲಿಲ್ಲವೆಂದೋ. ಇಂದ್ರಾಣಿ ಹುಬ್ಬು ಗಂಟಿಕ್ಕಿಕೊಂಡೇ ಕೇಳಿಸಿಕೊಳ್ಳುತ್ತಿದ್ದಳು. ಹುಬ್ಬು ಮಾತ್ರ ಅವಳ ಮಾತು ಕೇಳುತ್ತಿತ್ತು, ತುಟಿ ಕೇಳುತ್ತಿರಲಿಲ್ಲ. ‘ರೀ’ ಹೋಗಿ ‘ನೀನು’ ಬಂದದ್ದು ಯಾವತ್ತು ಎಂದು ಇಬ್ಬರಿಗೂ ನೆನಪಿಲ್ಲ.

ಹಾಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಆರು ತಿಂಗಳಾಗುತ್ತಲೇ ಅವನ ಕೈ ಪಳಗಿತು. ರಿಜೆಕ್ಟು ದಿನಕ್ಕೆ ನಾಲ್ಕೈದಕ್ಕೆ ಇಳಿಯಿತು. ಅವನು ಬರುವುದೂ ಅಷ್ಟಕ್ಕೇ ಇಳಿಯಿತು. ಒಂದು ಮಂಗಳವಾರ ಮಧ್ಯಾಹ್ನದವರೆಗೂ ಒಂದೇ ಒಂದು ಟೈಲು ತಪ್ಪಿರಲಿಲ್ಲ. ಇಂದ್ರಾಣಿ ಅಲ್ಲಿಂದಲೇ ಪ್ರೆಸ್ಸಿನ ಕಡೆ ನೋಡಿದಳು. ಅವನು ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದ. ಕೈಗೆ ಸಿಕ್ಕ ಒಳ್ಳೆಯ ಟೈಲಿನ ಮೇಲೆ ಅಡ್ಡಗೀಟು ಎಳೆದೇಬಿಟ್ಟಳು.

ಅವನು ಬಂದ. ಮೂಲೆಮಟ್ಟ ಇಟ್ಟು ನೋಡಿದ. ಸಂದಿರಲಿಲ್ಲ. ಅವಳ ಮುಖ ನೋಡಿದ. ಅವಳು ಮೇಲಿನ ಫ್ಯಾನು ನೋಡುತ್ತಿದ್ದಳು. ಅವನು ಏನೂ ಹೇಳದೆ ಸೈನ್ ಹಾಕಿದ. ಸದ್ಯ, ಗೊತ್ತಾಗಲಿಲ್ಲ ಎಂದುಕೊಂಡಳು.

ಮರುದಿನ ಎರಡು. ಆಮೇಲೆ ದಿನಾ ನಾಲ್ಕು. ತಪ್ಪು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಿಂಗಳ ಕೊನೆಗೆ ಕತ್ತರಿಸಿ ಬಿಸಾಡುವ ಟೈಲು, ಯಾರ ಗಂಟು ಹೋಗುತ್ತದೆ ಎಂದು ಸಮಾಧಾನ ಹೇಳಿಕೊಂಡಳು. ಮನಸ್ಸು ಒಂದು ಕಡೆ ವಾಲಿದ ಮೇಲೆ ಸಮಾಧಾನಕ್ಕೇನು ಬರ.

ಅವಳಿಗೆ ಗೊತ್ತಿಲ್ಲದ್ದು ಇನ್ನೊಂದು. ಇನ್ನು ಮೇಲೆ ಒಂದು ಶಿಫ್ಟಿಗೆ ಐದಕ್ಕಿಂತ ಹೆಚ್ಚು ರಿಜೆಕ್ಟಾದವನನ್ನು ಪರ್ಮನೆಂಟ್ ಮಾಡುವುದಿಲ್ಲ, ಮನೆಗೆ ಕಳಿಸುತ್ತೇವೆ ಎಂದು ಗಂಗಾಧರಸ್ವಾಮಿ ಪ್ರೆಸ್ಸಿನವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದ. ಇನ್‌ಸ್ಪೆಕ್ಷನ್‌ನವರಿಗೆ ಹೇಳಿರಲಿಲ್ಲ; ಹೇಳಿದರೆ ದಾಕ್ಷಿಣ್ಯಕ್ಕೆ ಬೀಳುತ್ತಾರೆ ಎಂದು. ನಿಂಗರಾಜುವೂ ಅವಳ ಹತ್ತಿರ ಬಾಯಿ ಬಿಡಲಿಲ್ಲ.

ಆ ಪ್ರೆಸ್ಸಿಗೆ ಎರಡು ಸ್ವಿಚ್ಚು. ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಎರಡೂ ಕೈ ಸ್ವಿಚ್ಚಿನ ಮೇಲಿದ್ದರೆ ಅಲಗಿನ ಕೆಳಗೆ ಕೈ ಹೋಗುವುದಿಲ್ಲವಲ್ಲ, ಅದಕ್ಕೆ. ಆದರೆ ಹಾಳೆ ಒಲೆಯಿಂದ ಬಿಸಿಬಿಸಿ ಬಂದಾಗ ಅಡಿಯ ಫೋಮು ಜಾರುತ್ತದೆ, ಚೌಕ ಓರೆಯಾಗುತ್ತದೆ. ಎಡ ಸ್ವಿಚ್ಚಿಗೆ ಒಂದು ಮರದ ಚೂರು ಸಿಕ್ಕಿಸಿ, ಎಡಗೈಯಲ್ಲಿ ಹಾಳೆಯ ಅಂಚು ಹಿಡಿದು, ಬಲಗೈಯಲ್ಲಿ ಒತ್ತಿದರೆ ಒಂದೂ ತಪ್ಪುವುದಿಲ್ಲ. ಅರ್ಜೆಂಟ್ ಆರ್ಡರ್ ಬಂದಾಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಗಂಗಾಧರಸ್ವಾಮಿ ಆಗೆಲ್ಲ ಬೇರೆ ಕಡೆ ನೋಡುತ್ತಿದ್ದ.

ಗುರುವಾರ ಬೆಳಗ್ಗೆ ಹನ್ನೊಂದು ಗಂಟೆ. ಪ್ರೆಸ್ಸು ಒಮ್ಮೆ ಇಳಿದು ಮತ್ತೆ ಸದ್ದು ಮಾಡಲಿಲ್ಲ. ಇಂದ್ರಾಣಿ ತಲೆ ಎತ್ತುವಷ್ಟರಲ್ಲಿ ಜನ ಓಡುತ್ತಿದ್ದರು. ಇವಳೂ ಓಡಿದಳು. ಹಿರಿಯ ಆಪರೇಟರ್ ಕಲ್ಲಯ್ಯ ತನ್ನ ಟವೆಲಿನಿಂದ ನಿಂಗರಾಜುವಿನ ಎಡಗೈಯನ್ನು ಸುತ್ತುತ್ತಿದ್ದ. ಟವೆಲು ಸುತ್ತಿದಷ್ಟೂ ಕೆಂಪಾಗುತ್ತಿತ್ತು. ನಿಂಗರಾಜು ಕಿರುಚಲಿಲ್ಲ, ಯಾರದೋ ಕೈ ನೋಡುವವನಂತೆ ನೋಡುತ್ತಿದ್ದ. ಎಡ ಸ್ವಿಚ್ಚಿನಲ್ಲಿ ಮರದ ಚೂರು ಹಾಗೇ ಇತ್ತು.

ಹೆಬ್ಬೆರಳು ಉಳಿಯಿತು. ಉಳಿದ ನಾಲ್ಕೂ ಹೋದವು.

“ಎರಡ್ ವಾರದಿಂದ ರಿಜೆಕ್ಟು ಜಾಸ್ತಿ ಅಂತ ಸಾಮಿ ಬೈತಿದ್ರು ಕಣವ್ವ. ಅದ್ಕೇ ಕೈಯಿಕ್ಕಿ ಮಾಡ್ತಿದ್ದ,” ಎಂದು ಕಲ್ಲಯ್ಯ ಸಂಜೆ ಹೇಳಿದ. ಐದರ ರೂಲ್ಸನ್ನೂ ಹೇಳಿದ. ನಾನೇ ಕತ್ತರಿಸಿದೆ, ನನ್ನ ಸೀಮೆಸುಣ್ಣವೇ ಕತ್ತರಿಸಿತು ಎಂಬುದೊಂದೇ ಇಂದ್ರಾಣಿಯ ತಲೆಯಲ್ಲಿ ತಿರುಗುತ್ತಿತ್ತು. ಮೈಸೂರಿನ ಆಸ್ಪತ್ರೆಗೆ ಮೂರು ಸಲ ಹೊರಟಳು. ಮೂರು ಸಲವೂ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದಳು. ಯಾವ ಮುಖ ಹೊತ್ತು ಹೋಗುವುದು?

ಇಪ್ಪತ್ತು ದಿನವಾದ ಮೇಲೆ ಗಂಗಾಧರಸ್ವಾಮಿ ಅವಳನ್ನು ಕರೆಸಿದ. ಸೋಮವಾರ ಮ್ಯಾನೇಜರ್ ಮುಂದೆ ವಿಚಾರಣೆಯಿದೆ ಎಂದ. ನಿಂಗರಾಜುವಿನ ಕೆಲಸದಲ್ಲಿ ಮೊದಲಿಂದಲೂ ನಿಗಾ ಇರಲಿಲ್ಲ, ರಿಜೆಕ್ಟ್ ಪುಸ್ತಕವೇ ಸಾಕ್ಷಿ ಎಂದು ಒಂದು ಸಾಲು ಬರೆದು ಸೈನ್ ಹಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದ. ಬರೆದರೆ ನಿಂಗರಾಜು ತನ್ನ ತಪ್ಪಿಗೆ ತಾನೇ ಕೈ ಕಳೆದುಕೊಂಡಂತೆ. ಅವನಿಗೆ ಇಲ್ಲಿ ಕೆಲಸವಿಲ್ಲ. ಒಂದು ಕೈಯವನಿಗೆ ಬೇರೆ ಕಡೆ ಯಾರು ಕೊಡುತ್ತಾರೆ? ನಿಜ ಹೇಳಿದರೆ ಇವಳ ಕೆಲಸ ಹೋಗುತ್ತದೆ, ಹೆಡತಲೆಯ ಮನೆ ಮತ್ತೆ ಕೂಲಿಗೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಜ ಗೊತ್ತಾದ ಮೇಲೆ ಅವನು ಇವಳ ಮುಖ ನೋಡುತ್ತಾನೆಯೇ?

ಭಾನುವಾರ ನರಸೀಪುರದ ಬಸ್ಸು ಹತ್ತಿದಳು. ಬೇರೆಯವರ ಬಾಯಿಂದ ಕೇಳುವ ಮೊದಲು ತನ್ನ ಬಾಯಿಂದಲೇ ಕೇಳಲಿ ಎಂದು.

ಸಾಕಮ್ಮ ಯಾರು ಏನು ಎಂದು ಕೇಳದೆ ನೀರು ಕೊಟ್ಟಳು, ಚಾಪೆ ಹಾಸಿದಳು, ಮಾತಾಡಿಕೊಳ್ಳಲಿ ಎಂದೋ ಏನೋ ಸೊಪ್ಪು ಬಿಡಿಸುವ ನೆಪ ಮಾಡಿ ಹಿತ್ತಲಿಗೆ ಹೋದಳು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ನಿಂಗರಾಜು ಗೋಡೆಗೆ ಒರಗಿ ಕೂತಿದ್ದ. ಬಿಳಿ ಕಟ್ಟಿನ ಕೈ ತೊಡೆಯ ಮೇಲಿತ್ತು. ಗಡ್ಡ ಬಂದಿತ್ತು.

“ಈಗ ಗೊತ್ತಾಯ್ತಾ ದಾರಿ?” ಎಂದ.

ಇಂದ್ರಾಣಿ ಪೀಠಿಕೆ ಹಾಕಲಿಲ್ಲ. ಎಷ್ಟೋ ಟೈಲು ಚೆನ್ನಾಗಿದ್ದವು, ನೀನು ಬರಲಿ ಅಂತ ಸುಮ್ಮಸುಮ್ಮನೆ ಗೀಟೆಳೆದೆ, ನಿನ್ನ ಕೈ ತಿಂದವಳು ನಾನೇ, ನಿನ್ನದೇ ತಪ್ಪು ಅಂತ ನಾಳೆ ಬರೆದುಕೊಡು ಅಂತಾರೆ ಸಾಮಿ ಎಂದು ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ಕಾಯುತ್ತ ಕೂತಳು.

ಅವನು ತೊಡೆಯ ಮೇಲಿನ ಕೈ ಸರಿಸಿಕೊಂಡ.

“ನಂಗೊತ್ತಿತ್ತು.”

“ಏನು?”

“ಮೊದಲ್ನೇ ದಿವ್ಸಾನೇ ಗೊತ್ತಿತ್ತು. ನೀನು ಫ್ಯಾನ್ ನೋಡ್ತಾ ಕುಂತಿದ್ದೆ. ಆ ಫ್ಯಾನು ಕೆಟ್ಟೋಗಿ ತಿಂಗ್ಳಾಗಿತ್ತು.” ಅವನ ತುಟಿಯಲ್ಲಿ ನಗುವಿನಂಥದೇನೋ ಬಂದು ಹೋಯಿತು.

“ಗೊತ್ತಿದ್ದೂ ಯಾಕ್ ಸೈನ್ ಹಾಕ್ದೆ? ಒಂದ್ ಮಾತು ಹೇಳಕ್ಕೆ ಏನಾಗಿತ್ತು?”

“ಯೋಳಿದ್ರೆ ನೀನು ನಿಲ್ಲಿಸ್ಬುಡ್ತಿದ್ದೆ.” ಅವನು ಕಟ್ಟಿದ ಕೈಯನ್ನೇ ನೋಡುತ್ತ ಹೇಳಿದ. “ಐದು ಅಂತ ರೂಲ್ಸ್ ಮಾಡುದ್ರು. ನೀನ್ ಕರೆಯೋ ನಾಲ್ಕು ಬಿಡಕ್ಕೆ ನಂಗೆ ಮನಸ್ಸಾಗ್ಲಿಲ್ಲ. ನಾನ್ ತಪ್ಪು ಮಾಡೋದ್ನೇ ಕಮ್ಮಿ ಮಾಡ್ಕಳವ ಅಂದ್ಕಂಡೆ. ಅದ್ಕೇ ಕೈಯಿಕ್ಕಿ ಕತ್ತರಿಸ್ತಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಚೂಡಿದಾರದ ವೇಲನ್ನು ಬಾಯಿಗೆ ತುರುಕಿಕೊಂಡು, ಹಿತ್ತಲಿಗೆ ಕೇಳಿಸದಂತೆ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಗೋಡೆ ಕಡೆ ತಿರುಗಿಕೊಂಡು, ಸಾಮಿ ಹೇಳಿದಂತೆ ಬರೆದುಕೊಡು, ನಿನಗಾದರೂ ಕೆಲಸ ಇರಲಿ, ಇನ್ನು ಹೊರಡು ಎಂದ.

ಸೋಮವಾರ ಮ್ಯಾನೇಜರ್ ರೂಮಿನಲ್ಲಿ ಆರು ಜನ ಗಂಡಸರು. ಇಂದ್ರಾಣಿ ರಿಜೆಕ್ಟ್ ಪುಸ್ತಕದ ಜೊತೆ, ಇನ್ನೂ ಬಿಸಾಡದೆ ಉಳಿದಿದ್ದ, ತಾನು ಗೀಟೆಳೆದ ಎಂಟು ಟೈಲುಗಳನ್ನೂ ಹೊತ್ತು ತಂದಿದ್ದಳು. ಮೇಜಿನ ಮೇಲಿಟ್ಟು, ಅಳೆದು ನೋಡಿ ಎಂದಳು. ಮ್ಯಾನೇಜರ್ ಮೂರು ಅಳೆದ, ನಾಲ್ಕನೆಯದಕ್ಕೆ ಕೈ ಹಾಕಲಿಲ್ಲ.

“ಎಲ್ಲ ಸರಿಯಾಗಿವೆಯಲ್ಲಮ್ಮ. ಯಾಕೆ ರಿಜೆಕ್ಟ್ ಮಾಡಿದ್ದು?”

“ಅವ್ರು ನನ್ ಟೇಬಲ್ ಹತ್ರ ಬರ್ಲಿ ಅಂತ ಸಾರ್.”

ಒಬ್ಬ ಕಿಸಕ್ಕನೆ ನಕ್ಕ. ಬೇರೆ ಯಾರೂ ನಗದ್ದರಿಂದ ಸುಮ್ಮನಾದ. ಇಂದ್ರಾಣಿಯ ಮುಖ ಕಿವಿಯವರೆಗೂ ಕಾದಿತ್ತು, ಆದರೂ ತಲೆ ತಗ್ಗಿಸಲಿಲ್ಲ. ಪ್ರೀತಿಸಿದವನಿಗೆ ಇನ್ನೂ ಹೇಳದ ಮಾತನ್ನು ಆರು ಜನರೆದುರು ಹೇಳಿಯಾಗಿತ್ತು. ಅವನ ಕೆಲಸದಲ್ಲಿ ನಿಗಾ ಇಲ್ಲ ಅನ್ನುವುದು ಸುಳ್ಳು, ಸುಳ್ಳು ಬರೆದವಳು ನಾನು ಎಂದಳು. ಆಗ ಬಾಗಿಲ ಬಳಿ ನಿಂತಿದ್ದ ಕಲ್ಲಯ್ಯ ಗಂಟಲು ಸರಿ ಮಾಡಿಕೊಂಡ. ಸ್ವಿಚ್ಚಿಗೆ ಚೂರು ಸಿಕ್ಕಿಸುವುದು ತಾವೆಲ್ಲರೂ ಮಾಡುವುದೇ, ಅದು ಸಾಮಿಗೂ ಗೊತ್ತು ಎಂದ. ಗಂಗಾಧರಸ್ವಾಮಿ ಈ ಸಲವೂ ಬೇರೆ ಕಡೆ ನೋಡಿದ.

ನಿಂಗರಾಜುವನ್ನು ತೆಗೆಯಬಾರದು, ಗಾಯ ಮಾಗಿದ ಮೇಲೆ ಹಗುರ ಕೆಲಸ ಕೊಡಬೇಕು ಎಂದಾಯಿತು. ಇಂದ್ರಾಣಿಯನ್ನು ಅವತ್ತೇ ತೆಗೆದರು.

ಅವಳು ಊರಿನ ಕಬ್ಬಿನ ಗದ್ದೆಗೆ ಕೂಲಿಗೆ ಹೋದಳು. ಚನ್ನಯ್ಯ ಮಗಳೊಡನೆ ಒಂದು ತಿಂಗಳು ಮಾತು ಬಿಟ್ಟ. ಕವನ ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಸೇರಿದಳು. ಅಕ್ಕನ ಮೇಲೆ ಅವಳಿಗಿದ್ದ ಸಿಟ್ಟು ಪೂರ್ತಿ ಹೋಗಲೇ ಇಲ್ಲ.

ಎರಡು ತಿಂಗಳ ಮೇಲೆ ನಿಂಗರಾಜು ಡ್ಯೂಟಿಗೆ ಬಂದನೆಂದು ಕಲ್ಲಯ್ಯ ಹೇಳಿ ಕಳಿಸಿದ. ಅವತ್ತು ಸಂಜೆ ಇಂದ್ರಾಣಿ ಕೂಲಿಯಿಂದ ನೇರವಾಗಿ, ಕೆಸರು ಕಾಲಿನಲ್ಲೇ ಬಂದು ಫ್ಯಾಕ್ಟರಿ ಗೇಟಿನ ಆಚೆ ನಿಂತಳು. ನಿಂಗರಾಜು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದ. ಅವಳನ್ನು ಕಂಡು ನಿಂತ.

“ನಿನ್ ಜಾಗಕ್ಕೇ ಹಾಕವ್ರೆ ನನ್ನ,” ಎಂದ. “ಟೈಲು ನೋಡಾದು. ಕೂರಕ್ಕೆ ಆಯ್ತಿಲ್ಲ ಅಲ್ಲಿ.”

“ಕೂತ್ಕೋ. ಯಾರಾದ್ರೂ ಒಬ್ರು ಸರಿಯಾಗ್ ನೋಡ್ಬೇಕಲ್ಲ.”

ಅವನು ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ. ಆಮೇಲೆ ಅವಳು, ಎರಡು ತಿಂಗಳಿನಿಂದ ಕೇಳಬೇಕೆಂದಿದ್ದುದನ್ನು ಕೇಳಿದಳು.

“ನನ್ ಮೇಲೆ ಕೋಪ ಐತಾ?”

“ಐತೆ,” ಎಂದ. “ಗೊತ್ತಿದ್ದೂ ನಾನೇ ಮಾಡ್ಕಂಡಿದ್ದು. ಆದ್ರೂ ಐತೆ. ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕಳ ಹೊತ್ನಲ್ಲಿ ದಿನಾ ಬತ್ತದೆ.”

“ಅದು ಓಗೋ ಗಂಟ ಜೊತೇಲಿರ್ತೀನಿ.”

“ಓಗ್ದೇ ಇದ್ರೆ?”

“ಆಗ್ಲೂ ಇರ್ತೀನಿ.”

ಅವನ ಬಲತೋಳಿನ ಗುಂಡಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಅದನ್ನು ಹಾಕಿಕೊಳ್ಳಲು ಬೇಕಾದ ಎಡಗೈ ಬೆರಳುಗಳು ಅವನಿಗಿರಲಿಲ್ಲ. ಶಿಫ್ಟ್ ಮುಗಿಸಿ ಬರುತ್ತಿದ್ದ ಜನ ನೋಡುತ್ತಿದ್ದಂತೆಯೇ ಇಂದ್ರಾಣಿ ಅವನ ಕೈ ಎತ್ತಿ ಹಿಡಿದು ಆ ಗುಂಡಿ ಹಾಕಿದಳು. ನಿಂಗರಾಜು ಬೇಡ ಅನ್ನಲಿಲ್ಲ.