ಬೇಕರಿಯ ಹಳೇ ಬಲ್ಬು

“ಅಜ್ಜೀ, ಇವು ಇನ್ನೂ ನಡುಗ್ತಾನೇ ಇವೆ!”

ಲಹರಿ ರಟ್ಟಿನ ಡಬ್ಬದೊಳಗೆ ತಲೆ ತೂರಿಸಿಕೊಂಡೇ ಕೂಗಿದಳು. ಡಬ್ಬದಲ್ಲಿ ಬಣ್ಣ ಹಚ್ಚಿದ ಮೂರು ಕೋಳಿಮರಿಗಳಿದ್ದವು. ಒಂದು ಗುಲಾಬಿ, ಒಂದು ನೇರಳೆ, ಒಂದು ಹಸಿರು. ಮೂರೂ ಮೂಲೆಗೆ ಒತ್ತಿಕೊಂಡು ಚಿಂವ್ ಚಿಂವ್ ಎಂದು ಒಂದೇ ಸಮನೆ ಕಿರುಚುತ್ತಿದ್ದವು. ಮೇಲೆ ಎಲ್‌ಇಡಿ ಬಲ್ಬು ಉರಿಯುತ್ತಿತ್ತು. ಡಬ್ಬದ ತುಂಬ ಮಧ್ಯಾಹ್ನದಂಥ ಬೆಳಕು.

ಮರಿಗಳನ್ನು ಸಂಜೆ ಶಾಲೆಯ ಗೇಟಿನ ಹತ್ತಿರ ಸೈಕಲ್ಲಿನವನಿಂದ ತಂದಿದ್ದಳು. “ರಾತ್ರಿ ಬಲ್ಬ್ ಹಾಕಿಡಮ್ಮ. ಇಲ್ಲಾಂದ್ರೆ ಚಳಿಗೆ ಸತ್ತೋಗ್ತವೆ” ಎಂದು ಅವನು ಹೇಳಿದ್ದ. ಅದಕ್ಕೇ ಬಲ್ಬು.

ಅಜ್ಜಿ ಶಿವನಂಜಮ್ಮ ಶಾಲು ಹೊದ್ದುಕೊಂಡು ಬಂದು ಇಣುಕಿದರು. ಡಿಸೆಂಬರಿನ ಗಾಳಿ. ದಟ್ಟಗಳ್ಳಿಯ ಖಾಲಿ ಸೈಟುಗಳ ಮೇಲಿಂದ ನೇರವಾಗಿ ಮನೆಯೊಳಗೇ ನುಗ್ಗುತ್ತಿತ್ತು.

“ಬಣ್ಣದ ಮರಿ ಬದುಕಲ್ಲ ಕಣವ್ವ, ಬುಡು. ಬೆಳಿಗ್ಗೆ ಹೊತ್ಗೆ ಕಾಲು ಚಾಚ್ಕೊಂಡು ಬಿದ್ದಿರ್ತವೆ. ಆಮೇಲೆ ನೀನು ಅಳ್ತಾ ಕೂತ್ಕೋತೀಯ.”

“ನಾನು ಬದುಕಿಸ್ತೀನಿ.”

“ಬದುಕಿಸ್ತಾಳಂತೆ! ಕೋಳಿ ಡಾಕ್ಟ್ರು!” ಎಂದ ಅಣ್ಣ ಅಭಿಲಾಷ್. ಆದರೂ ನಡುಮನೆಯ ದೊಡ್ಡ ಬಲ್ಬನ್ನು ಬಿಚ್ಚಿ ತಂದು ಹಾಕಿಕೊಟ್ಟ. ಬೆಳಕು ಇನ್ನೂ ಜೋರಾಯಿತು. ಮರಿಗಳು ಕಣ್ಣು ಮುಚ್ಚಿಕೊಂಡವು. ನಡುಕ ಮಾತ್ರ ನಿಲ್ಲಲಿಲ್ಲ.

ಲಹರಿ ಬಲ್ಬಿನ ಕೆಳಗೆ ಅಂಗೈ ಹಿಡಿದಳು. ಅಂಗೈ ಬೆಳ್ಳಗಾಯಿತು, ಅಷ್ಟೇ. ಬೆಚ್ಚಗಾಗಲಿಲ್ಲ.

“ಅಣ್ಣ, ಇದ್ರಲ್ಲಿ ಬಿಸೀನೇ ಇಲ್ಲ!”

“ಎಲ್‌ಇಡಿ ಅಲ್ವೇನೇ? ಸ್ಟವ್ ಅಂದ್ಕೊಂಡ್ಯಾ?”

ಲಹರಿಗೆ ತಟ್ಟನೆ ತನ್ನ ಚಾರ್ಟು ನೆನಪಾಯಿತು.

ಹೋದ ತಿಂಗಳು ಗಗನ ಮಿಸ್ ‘ಕರೆಂಟು ಉಳಿಸಿ’ ಎಂದು ಚಾರ್ಟು ಬರೆಸಿದ್ದರು. ಲಹರಿ ನಾಲ್ಕು ಚಿತ್ರ ಬರೆದಿದ್ದಳು. ಮೊದಲು ಹಳೇ ಬಲ್ಬು. ಗಾಜಿನ ಬುರುಡೆಯೊಳಗೆ ಕೂದಲಿನಂಥ ತಂತಿ. ಕರೆಂಟು ಹರಿದರೆ ಆ ತಂತಿ ಕಾದು ಕಾದು ಬೆಳಗಬೇಕು. ಆಮೇಲೆ ಟ್ಯೂಬ್‌ಲೈಟು. ಅದಾದ ಮೇಲೆ ಸುರುಳಿ ಸುತ್ತಿದ ಸಿಎಫ್‌ಎಲ್. ಕೊನೆಗೆ ಎಲ್‌ಇಡಿ, ಅದಕ್ಕೊಂದು ಕಿರೀಟ. ಹಳೇ ಬಲ್ಬಿನ ಸುತ್ತ ಕೆಂಪು ಬಾಣಗಳನ್ನು ಎಳೆದು ‘ಶಾಖ! ಎಲ್ಲಾ ದಂಡ!’ ಎಂದು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದಳು. ಮಿಸ್ ಸ್ಟಾರ್ ಕೊಟ್ಟು ಅದನ್ನು ಕ್ಲಾಸಿನ ಗೋಡೆಗೆ ಅಂಟಿಸಿದ್ದರು.

ಆ ಸ್ಟಾರಿನ ಹುರುಪಿನಲ್ಲಿ ಲಹರಿ ಬೀದಿಯ ಮನೆಮನೆಗೂ ಹೋಗಿ ಹಳೇ ಬಲ್ಬು ತೆಗೆಸಿದ್ದಳು. ತಮ್ಮ ಬಚ್ಚಲುಮನೆಯ ಬಲ್ಬನ್ನು ತಾನೇ ಕಸದ ಆಟೋಗೆ ಹಾಕಿ ಬಂದಿದ್ದಳು.

“ಅಣ್ಣ, ನಂಗೆ ಹಳೇ ಬಲ್ಬು ಬೇಕು. ಈಗ್ಲೇ.”

“ಈಗ ಎಲ್ಲಿ ಸಿಗುತ್ತೆ? ನೀನೇ ಎಲ್ಲಾ ಓಡಿಸಿದ್ಯಲ್ಲ!”

ಲಹರಿ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸಿ, ಅಜ್ಜಿಯ ಹಳೇ ಸೀರೆಯ ತುಂಡು ಸುತ್ತಿ ಡಬ್ಬದಲ್ಲಿ ಮಲಗಿಸಿದಳು. ಮರಿಗಳು ಅದಕ್ಕೆ ಒರಗಿಕೊಂಡವು.

“ಅಜ್ಜಿ, ಇದು ತಣ್ಣಗಾಗೋ ಅಷ್ಟ್ರಲ್ಲಿ ಬರ್ತೀನಿ” ಎಂದು ಅಣ್ಣನ ಕೈ ಹಿಡಿದು ಎಳೆದಳು.

ಮೇನ್ ರೋಡಿನ ಎಲೆಕ್ಟ್ರಿಕಲ್ ಅಂಗಡಿಯವರು ತಲೆ ಅಲ್ಲಾಡಿಸಿದರು. “ಈಗ್ಯಾರೂ ಕೇಳಲ್ಲಮ್ಮ ಅದನ್ನ. ತರಿಸೋದೇ ಬಿಟ್ಬುಟ್ಟಿದ್ದೀನಿ.”

“ನಡಿಯೇ, ಮನೆಗೆ ಹೋಗೋಣ” ಎಂದ ಅಭಿಲಾಷ್.

ಲಹರಿ ಕದಲಲಿಲ್ಲ. ಅವಳ ಕಣ್ಣು ರಸ್ತೆಯ ಆಚೆ ಬದಿಯ ಬೇಕರಿಯ ಮೇಲಿತ್ತು. ಬೇಕರಿಯ ತುಂಬ ಬಿಳೀ ಬೆಳಕು. ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಪಫ್‌ಗಳು. ಅವುಗಳ ನೆತ್ತಿಯ ಮೇಲೆ ಮಾತ್ರ ಒಂದು ಹಳದಿ ಬಲ್ಬು.

ಹೋದ ತಿಂಗಳು ಅವಳು ಈ ಬೇಕರಿಗೂ ಬಂದಿದ್ದಳು. ಬೇಕರಿಯ ಚೆಲುವರಾಜು ಎಲ್ಲ ಬಲ್ಬುಗಳನ್ನೂ ಬದಲಾಯಿಸಿದ್ದರು, ಇದೊಂದನ್ನು ಬಿಟ್ಟು. “ಇದೂ ತೆಗೀರಿ ಅಂಕಲ್, ಕರೆಂಟ್ ದಂಡ” ಎಂದು ಲಹರಿ ಗದರಿದ್ದಳು. ಅವರು ನಕ್ಕು, “ಇದು ಬೆಳಕಿಗಲ್ಲ ಕಣಮ್ಮ” ಎಂದಿದ್ದರು. ಆಗ ಅವಳು ಮುಖ ತಿರುಗಿಸಿಕೊಂಡು ಬಂದಿದ್ದಳು.

ಲಹರಿ ರಸ್ತೆ ದಾಟಿ ಬರುವುದನ್ನು ಚೆಲುವರಾಜು ದೂರದಿಂದಲೇ ನೋಡಿದರು. “ಬಂದ್ರಪ್ಪ ಕರೆಂಟು ಇನ್ಸ್‌ಪೆಕ್ಟ್ರು! ಆ ಬಲ್ಬ್ ತೆಗೆಸೋಕಾ?”

“ಹೂಂ ಅಂಕಲ್. ತೆಗೆದು ನಂಗೆ ಕೊಡಿ.”

ಲಹರಿ ಮರಿಗಳ ವಿಷಯ ಒಂದೇ ಉಸಿರಿಗೆ ಹೇಳಿದಳು. ಚೆಲುವರಾಜು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಎಗ್ ಪಫ್ ಕಾಯಿಸೋ ಬಲ್ಬಲ್ಲಿ ಕೋಳಿಮರಿ ಸಾಕ್ತೀಯಾ? ಆಗಲ್ಲ ಕಣಮ್ಮ. ಇರೋದೇ ಒಂದು. ತಣ್ಣಗಿರೋ ಪಫ್ ಯಾರು ತಿಂತಾರೆ?”

“ಪಫ್ ಎಷ್ಟೊತ್ತಿಗೆ ಖಾಲಿ ಆಗುತ್ತೆ ಅಂಕಲ್?”

“ಎಂಟಕ್ಕೆಲ್ಲ ಆಗೋಗುತ್ತೆ.”

“ಬೆಳಿಗ್ಗೆ?”

“ಬೆಳಿಗ್ಗೆ ಯಾರು ಪಫ್ ತಿಂತಾರೆ? ಹನ್ನೊಂದಕ್ಕೆ ಮಾಡ್ತೀವಿ.”

“ಹಂಗಾದ್ರೆ ರಾತ್ರಿಯೆಲ್ಲ ಬಲ್ಬು ಸುಮ್ನೇ ಇರುತ್ತೆ” ಎಂದಳು ಲಹರಿ. “ಎಂಟಕ್ಕೆ ನಾನು ತಗೊಂಡು ಹೋಗ್ತೀನಿ. ಬೆಳಿಗ್ಗೆ ಸ್ಕೂಲಿಗೆ ಹೋಗ್ತಾ ಕೊಟ್ಬುಟ್ಟು ಹೋಗ್ತೀನಿ. ಹಗಲು ಮರಿಗಳು ಟೆರೇಸ್ ಮೇಲೆ ಬಿಸಿಲಲ್ಲಿರ್ತವೆ.”

ಚೆಲುವರಾಜು ನಗು ನಿಲ್ಲಿಸಿ ಅವಳನ್ನೇ ನೋಡಿದರು. “ದಿನಾ ಬರ್ತೀಯಾ?”

“ಅವು ದೊಡ್ಡದಾಗೋ ತನಕ ದಿನಾ ಬರ್ತೀನಿ.”

“ಒಡೆದೋದ್ರೆ?”

“ಒಡೆಯಲ್ಲ.”

“ಸರಿ, ಎಂಟಕ್ಕೆ ಬಾ.”

ಮನೆಗೆ ಬಂದು ಎಂಟು ಗಂಟೆಯವರೆಗೆ ಲಹರಿ ಎರಡು ಸಲ ಬಾಟಲಿಯ ನೀರು ಬದಲಾಯಿಸಿದಳು. ಹಸಿರು ಮರಿ ಕೂಗುವುದನ್ನೇ ನಿಲ್ಲಿಸಿ ತೂಕಡಿಸುತ್ತಿತ್ತು. “ಅದು ಉಳಿಯಾಕಿಲ್ಲ” ಎಂದರು ಅಜ್ಜಿ, ಮೆಲ್ಲಗೆ.

ಎಂಟಕ್ಕೆ ಅವಳೂ ಅಣ್ಣನೂ ಮತ್ತೆ ಹೋದಾಗ ಬೇಕರಿಯಲ್ಲಿ ಕೊನೆಯ ಪಫ್ ಮಾರಾಟವಾಯಿತು. ಚೆಲುವರಾಜು ಸ್ವಿಚ್ ಆರಿಸಿ, ಬಟ್ಟೆ ಹಿಡಿದು ಬಲ್ಬನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟರು.

“ಓಡಬೇಡ. ಒಳಗಿನ ತಂತಿ ಇನ್ನೂ ಬಿಸಿ ಐತೆ. ಜೋರಾಗಿ ಅಲ್ಲಾಡಿದ್ರೆ ಪಟ್ ಅಂತದೆ.”

ಲಹರಿಗೆ ಓಡಬೇಕು ಅನಿಸುತ್ತಿತ್ತು. ಹಸಿರು ಮರಿಯ ಮುಚ್ಚಿದ ಕಣ್ಣೇ ಎದುರಿಗೆ ಬರುತ್ತಿತ್ತು. ಆದರೂ ತುಂಬಿದ ಬಿಂದಿಗೆ ಹೊತ್ತವಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟಳು. ಅಭಿಲಾಷ್ ಮುಂದೆ ಮುಂದೆ ಹೋಗಿ, ಎಲ್ಲೆಲ್ಲಿ ಕಲ್ಲಿದೆ, ಎಲ್ಲಿ ಗುಂಡಿಯಿದೆ ಎಂದು ಮೊಬೈಲಿನ ಟಾರ್ಚ್ ಬಿಟ್ಟು ತೋರಿಸಿದ.

ಮನೆಯಲ್ಲಿ ಅವನೇ ಬಲ್ಬು ಹಾಕಿ ಸ್ವಿಚ್ ಒತ್ತಿದ. ಡಬ್ಬದೊಳಗೆ ಮಂಕು ಹಳದಿ ಬೆಳಕು ಹರಡಿತು. ಹೊಸ ಬಲ್ಬಿನ ಅರ್ಧದಷ್ಟೂ ಇರಲಿಲ್ಲ. ಲಹರಿ ಅಂಗೈ ಹಿಡಿದಳು. ಸ್ವಲ್ಪ ಹೊತ್ತಿಗೆ ಚರ್ಮಕ್ಕೆ ಬಿಸಿ ತಾಕಿತು.

ಮರಿಗಳು ಬಲ್ಬಿನ ಕೆಳಗೇ ಒಂದರ ಮೇಲೊಂದು ನುಗ್ಗಿದವು. ಆಮೇಲೆ ಗುಲಾಬಿ ಮರಿ ಬಾಯಿ ತೆರೆದು ದೂರ ಸರಿಯಿತು. “ಜಾಸ್ತಿ ಆಯ್ತು ಅಣ್ಣ, ಮೇಲೆತ್ತು” ಎಂದಳು ಲಹರಿ. ಎತ್ತಿ ಇಳಿಸಿ, ಎತ್ತಿ ಇಳಿಸಿ, ಕಡೆಗೆ ಒಂದು ಎತ್ತರದಲ್ಲಿ ಡಬ್ಬದ ಸದ್ದೆಲ್ಲ ನಿಂತುಹೋಯಿತು.

ಬೆಳಿಗ್ಗೆ ಕಣ್ಣು ಬಿಟ್ಟವಳೇ ಲಹರಿ ಡಬ್ಬದ ಹತ್ತಿರ ಹೋದಳು. ಹಸಿರು ಮರಿ ಅಡ್ಡಡ್ಡ ಬಿದ್ದಿತ್ತು. ಒಂದು ಕಾಲು ಉದ್ದಕ್ಕೆ ಚಾಚಿಕೊಂಡಿತ್ತು, ಅಜ್ಜಿ ಹೇಳಿದ ಹಾಗೆಯೇ.

ಬೆರಳಿನಿಂದ ಅದನ್ನು ಮುಟ್ಟಿದಳು. ಬೆಚ್ಚಗಿತ್ತು.

ಮರಿ ಒಂದು ಕಣ್ಣು ತೆರೆಯಿತು. ನಿದ್ದೆ ಕೆಡಿಸಿದ ಬೆರಳನ್ನು ಟಕ್ಕನೆ ಕುಕ್ಕಿತು.

“ಅಜ್ಜೀ!”

ಶಿವನಂಜಮ್ಮ ಬಂದು ನೋಡಿದರು. ಗಲ್ಲದ ಮೇಲೆ ಕೈ ಇಟ್ಟುಕೊಂಡು, “ಎಲಾ ಇದ್ರ! ಮೈ ಚೆಲ್ಕೊಂಡು ನಿದ್ದೆ ಹೊಡೀತಾ ಐತೆ” ಎಂದರು. ಬಿಸಿಲು ಬಂದಾಗ ಡಬ್ಬವನ್ನು ತಾವೇ ಟೆರೇಸಿಗೆ ಹೊತ್ತುಕೊಂಡು ಹೋದರು. ಕಾಗೆ ಓಡಿಸಲು ಒಂದು ಕೋಲನ್ನೂ ಹಿಡಿದು ಕೂತರು.

ಬಲ್ಬು ಆರಿ ತಣ್ಣಗಾಗುವವರೆಗೂ ಕಾದು, ಲಹರಿ ಅದನ್ನು ಬೇಕರಿಗೆ ಮುಟ್ಟಿಸಿ ಶಾಲೆಗೆ ಹೋದಳು.

ಕ್ಲಾಸಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಗೋಡೆಯ ಮೇಲೆ ಅವಳ ಚಾರ್ಟು. ಕಿರೀಟದ ಎಲ್‌ಇಡಿ. ಹಳೇ ಬಲ್ಬು, ಅದರ ಸುತ್ತ ಕೆಂಪು ಬಾಣಗಳು. ಲಹರಿ ‘ಎಲ್ಲಾ ದಂಡ’ ಎಂಬ ಅಕ್ಷರಗಳ ಮೇಲೆ ರಬ್ಬರ್ ಉಜ್ಜಿದಳು. ಸ್ಕೆಚ್ ಪೆನ್ನಿನ ಬರಹ, ಅಳಿಯಲಿಲ್ಲ.

ಆಮೇಲೆ ಬ್ಯಾಗಿನಿಂದ ಕ್ರೇಯಾನ್ ಡಬ್ಬಿ ತೆಗೆದಳು.

ಗಗನ ಮಿಸ್ ಒಳಗೆ ಬಂದಾಗ ಅವಳು ಇನ್ನೂ ಬರೆಯುತ್ತಲೇ ಇದ್ದಳು.

“ಏನೇ ಅದು ಲಹರಿ, ಬಾಣದ ತುದೀಲಿ ಉಂಡೆ ಉಂಡೆ?”

“ಒಂದ್ನಿಮಿಷ ಮಿಸ್, ಇನ್ನೂ ಕೊಕ್ಕು ಬರೆದಿಲ್ಲ” ಎಂದಳು ಲಹರಿ, ತಿರುಗದೆಯೇ. ಹಸಿರು ಉಂಡೆಗೆ ಒಂದು ಕಾಲನ್ನು ಉದ್ದಕ್ಕೆ ಚಾಚಿ ಬರೆದಳು.